ಮನೆಯಿಂದಲೇ ಸೂರ್ಯಗ್ರಹಣ: ಕನ್ನಡಕವೋ, ಕನ್ನಡಿಯೋ, ಕ್ಯಾಮೆರಾವೋ?

ಗ್ರಹಣ ಹತ್ತಿರ ಬಂತು ಅಂದರೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಗ್ರಹಣದ ಕನ್ನಡಕ ಕೊಳ್ಳಲೇಬೇಕಾ, ರಟ್ಟಿನ ಡಬ್ಬ ಸಾಕಾಗಲ್ವಾ? ಫೋನಿನಲ್ಲಿ ಫೋಟೊ ಬರುತ್ತಾ? ಅಟ್ಟದ ಮೇಲೆ ಹಳೇ ಬೈನಾಕ್ಯುಲರ್ ಇದೆ, ಅದು ಉಪಯೋಗಕ್ಕೆ ಬರುತ್ತಾ? ಯಾವುದಕ್ಕೂ ನೇರವಾಗಿ ಹೌದು ಅನ್ನಲಾಗುವುದಿಲ್ಲ. "ಬರುತ್ತೆ, ಆದರೆ..." ಅಂತಲೇ ಉತ್ತರ ಶುರುವಾಗುತ್ತದೆ. ಆ "ಆದರೆ"ಗಳನ್ನೆಲ್ಲ ಒಂದು ಕಡೆ ಇಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಆರಿಸುವ ಮೊದಲು

ಎಲ್ಲಕ್ಕಿಂತ ಮೊದಲು, ನಿಮ್ಮ ಮನೆಯಿಂದ ಕಾಣುವುದು ಎಂಥ ಗ್ರಹಣ ಅಂತ ತಿಳಿದುಕೊಳ್ಳಿ. ಒಂದೇ ಗ್ರಹಣ ಒಂದು ಊರಿಗೆ ಖಗ್ರಾಸ, ಇನ್ನೊಂದಕ್ಕೆ ಪಾರ್ಶ್ವ. ಖಗ್ರಾಸ ಕಾಣುವುದು ಸಾಮಾನ್ಯವಾಗಿ ನೂರಿನ್ನೂರು ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಮಾತ್ರ. "ನಮ್ಮಲ್ಲಿ 99 ಶೇಕಡಾ ಮುಚ್ಚುತ್ತೆ, ಅದೂ ಖಗ್ರಾಸದ ಹಾಗೇ ಅಲ್ವಾ" ಅಂತ ಕೇಳುವವರಿದ್ದಾರೆ. ಅಲ್ಲ. ಹುಣ್ಣಿಮೆ ಚಂದ್ರನಿಗಿಂತ ಸೂರ್ಯ ಸುಮಾರು 4 ಲಕ್ಷ ಪಟ್ಟು ಪ್ರಕಾಶಮಾನ. ನೂರರಲ್ಲಿ ಒಂದು ಪಾಲು ಉಳಿದರೂ ಸಾವಿರಾರು ಹುಣ್ಣಿಮೆಗಳಷ್ಟು ಬೆಳಕು ಉಳಿಯಿತು. ಅಷ್ಟು ಸಾಕು ಕಣ್ಣು ಹಾಳಾಗಲು. ಪಾರ್ಶ್ವ ಮತ್ತು ಕಂಕಣ ಗ್ರಹಣಗಳಲ್ಲಿ ಮೊದಲ ಕ್ಷಣದಿಂದ ಕೊನೆಯ ಕ್ಷಣದವರೆಗೆ ರಕ್ಷಣೆ ಬೇಕೇ ಬೇಕು.

ಆಮೇಲೆ ಸೂರ್ಯ ಎಲ್ಲಿರುತ್ತಾನೆ ಅನ್ನುವುದು. ಇದನ್ನು ಜನ ಮರೆತೇಬಿಡುತ್ತಾರೆ. ಬೇಕಾದ್ದೆಲ್ಲ ಕೊಂಡು ತಂದು, ಗ್ರಹಣದ ಹೊತ್ತಿಗೆ ನೋಡಿದರೆ ಸೂರ್ಯ ಎದುರು ಕಟ್ಟಡದ ಹಿಂದೆ! ಇದನ್ನು ತಪ್ಪಿಸೋದು ಸುಲಭ. ಗ್ರಹಣಕ್ಕೆ ಒಂದೆರಡು ದಿನ ಮೊದಲು ಅದೇ ಗಂಟೆಗೆ ಹೊರಗೆ ಬಂದು ನಿಮ್ಮ ನೆರಳು ಯಾವ ಕಡೆ ಬೀಳುತ್ತದೆ ನೋಡಿ. ಸೂರ್ಯ ಅದರ ಎದುರು ದಿಕ್ಕಿನಲ್ಲಿರುತ್ತಾನೆ, ಗ್ರಹಣದ ದಿನವೂ ಹೆಚ್ಚುಕಡಿಮೆ ಅಲ್ಲೇ ಇರುತ್ತಾನೆ. ಶುರುವಿನ ಹೊತ್ತು, ಮಧ್ಯದ ಹೊತ್ತು, ಬಿಡುವ ಹೊತ್ತು, ಮೂರು ಸಲ ನೋಡಿ. ಬಾಲ್ಕನಿ ಸಾಕೋ, ತಾರಸಿಗೆ ಹತ್ತಬೇಕೋ, ಅಂಗಳವೇ ಒಳ್ಳೆಯದೋ ಗೊತ್ತಾಗುತ್ತದೆ.

ಇನ್ನು ಎಷ್ಟು ಜನ, ಅದರಲ್ಲಿ ಚಿಕ್ಕ ಮಕ್ಕಳೆಷ್ಟು. ಎಷ್ಟು ಖರ್ಚು ಮಾಡುತ್ತೀರಿ. ಮುಂಚೆ ಅಭ್ಯಾಸ ಮಾಡುವಷ್ಟು ಸಮಯ ಇದೆಯಾ. ಕೊನೆಯದಾಗಿ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು: ನಿಮಗೆ ಗ್ರಹಣ ನೋಡಬೇಕಾ, ಗ್ರಹಣದ ಫೋಟೊ ಬೇಕಾ? ಎರಡೂ ಅನ್ನುತ್ತೀರಿ, ಗೊತ್ತು. ಆದರೆ ಒಂದನ್ನು ಮೊದಲನೆಯದು ಮಾಡಿಕೊಳ್ಳದಿದ್ದರೆ ಎರಡೂ ಅರ್ಧಂಬರ್ಧ ಆಗುತ್ತವೆ. ಒಂದು ಕಂಕಣ ಗ್ರಹಣದಲ್ಲಿ ನಾನು ಉಂಗುರ ಕಂಡ ಅಷ್ಟೂ ಹೊತ್ತು ಟ್ರೈಪಾಡಿನ ಸಡಿಲ ತಿರುಪಿನ ಜೊತೆ ಗುದ್ದಾಡುತ್ತಿದ್ದೆ. ಫೋಟೊ ಸುಮಾರಾಗಿ ಬಂತು. ಉಂಗುರವನ್ನು ಕಣ್ಣಲ್ಲಿ ನೋಡಿದ ನೆನಪು ಮಾತ್ರ ಇಲ್ಲ.

ಹೋಲಿಕೆಗೇ ಬಾರದವು

ತಂಪು ಕನ್ನಡಕ, ಮಸಿ ಹಿಡಿಸಿದ ಗಾಜು, ಎಕ್ಸ್‌-ರೇ ಹಾಳೆ, ಸಿಡಿ, ನೀರಿನಲ್ಲಿ ಕಾಣುವ ಪ್ರತಿಬಿಂಬ. ಇವು ಯಾವುವೂ ಆಯ್ಕೆಗಳೇ ಅಲ್ಲ. ಇವುಗಳಲ್ಲಿ ಸೂರ್ಯ ಮಂಕಾಗಿ ಕಾಣಬಹುದು, ಆದರೆ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳು ದಾಟಿ ಬರಬಹುದು. ಮಂಕಾಗಿ ಕಂಡಿತು ಅಂತ ನಾವು ಜಾಸ್ತಿ ಹೊತ್ತು ದಿಟ್ಟಿಸುತ್ತೇವೆ, ಅದೇ ಅಪಾಯ. ಕಣ್ಣಿನ ಒಳಪರದೆಗೆ ನೋವು ಗೊತ್ತಾಗುವುದಿಲ್ಲ. ಸುಟ್ಟದ್ದು ತಿಳಿಯುವುದು ಎಷ್ಟೋ ಗಂಟೆ ಕಳೆದ ಮೇಲೆ, ನೋಟದ ನಡುವೆ ಮಬ್ಬು ಕಲೆ ಕಂಡಾಗ.

ನೋಡುವ ದಾರಿಗಳು

ಗ್ರಹಣದ ಕನ್ನಡಕವೇ ಹೆಚ್ಚಿನವರಿಗೆ ಮೊದಲ ಆಯ್ಕೆ. ಅಗ್ಗ, ಹಗುರ, ಸಿದ್ಧತೆ ಏನೂ ಬೇಡ. ಸೂರ್ಯನನ್ನು ನೇರವಾಗಿ ನೋಡುವ ಸುಖ ಬೇರೆ ಯಾವ ಅಗ್ಗದ ದಾರಿಯಲ್ಲೂ ಇಲ್ಲ. ಕೊಳ್ಳುವಾಗ ಐಎಸ್‌ಒ 12312-2 ಮಾನದಂಡಕ್ಕೆ ಒಪ್ಪುವಂಥದ್ದೇ ಇರಲಿ. ಅಂಥ ಕನ್ನಡಕ ಸೂರ್ಯನ ಬೆಳಕಿನಲ್ಲಿ ಹೆಚ್ಚೆಂದರೆ ಸುಮಾರು 31 ಸಾವಿರದಲ್ಲಿ ಒಂದು ಪಾಲನ್ನಷ್ಟೇ ಒಳಗೆ ಬಿಡುತ್ತದೆ. ತೊಂದರೆ ಏನೆಂದರೆ ಆ ಐಎಸ್‌ಒ ಅಂಕಿಯನ್ನು ಯಾರು ಬೇಕಾದರೂ ಮುದ್ರಿಸಬಹುದು. ಅದಕ್ಕೇ ಗ್ರಹಣದ ವಾರದಲ್ಲಿ ಎಲ್ಲೆಂದರಲ್ಲಿ ಸಿಗುವುದಕ್ಕಿಂತ, ತಾರಾಲಯ ಅಥವಾ ಖಗೋಳ ಹವ್ಯಾಸಿಗಳ ಸಂಘದಿಂದ ಮೊದಲೇ ತರಿಸಿಕೊಳ್ಳುವುದು ಮೇಲು. ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಹಾಕಿಕೊಂಡು ಕೋಣೆಯಲ್ಲಿ ಸುತ್ತ ನೋಡಿ. ಏನೂ ಕಾಣಬಾರದು, ತುಂಬ ಪ್ರಖರವಾದ ಬಲ್ಬು ಮಾತ್ರ ಮಿಣುಕಾಗಿ ಕಂಡರೆ ಕಾಣಬಹುದು. ಕುರ್ಚಿ ಮೇಜು ಕಂಡರೆ ಅದು ಕಸ. ಈ ಪರೀಕ್ಷೆ ಕೆಟ್ಟದ್ದನ್ನು ಹಿಡಿಯುತ್ತದೆ, ಒಳ್ಳೆಯದು ಅಂತ ಖಾತ್ರಿ ಕೊಡುವುದಿಲ್ಲ, ಅಷ್ಟು ನೆನಪಿರಲಿ.

ದಿನವೂ ಕನ್ನಡಕ ಹಾಕುವವರು ಅದರ ಮೇಲೆಯೇ ಇದನ್ನೂ ಹಾಕಬಹುದು. ತಲೆ ತಗ್ಗಿಸಿ ಹಾಕಿಕೊಳ್ಳಿ, ಆಮೇಲೆ ಮೇಲೆ ನೋಡಿ. ತೆಗೆಯುವಾಗಲೂ ಮೊದಲು ತಲೆ ತಗ್ಗಿಸಿ. ಕೊರತೆ ಎರಡು: ಸೂರ್ಯ ಚಿಕ್ಕದಾಗಿಯೇ ಕಾಣುತ್ತಾನೆ, ಮತ್ತು ಸಣ್ಣ ಮಕ್ಕಳ ಮುಖದ ಮೇಲೆ ಇದು ನಿಲ್ಲುವುದಿಲ್ಲ.

ವೆಲ್ಡಿಂಗ್ ಗಾಜಿನ ಬಗ್ಗೆ ಸದಾ ಕೇಳುತ್ತಾರೆ. ಅದರ ಮೇಲೆ ಶೇಡ್ ಸಂಖ್ಯೆ ಇರುತ್ತದೆ. 12 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರಿ. ಕೆಲವರಿಗೆ 12 ಸ್ವಲ್ಪ ಜಾಸ್ತಿ ಬೆಳಕು, 14 ಸ್ವಲ್ಪ ಕತ್ತಲು ಅನಿಸುತ್ತದೆ. ಕಡಿಮೆ ಸಂಖ್ಯೆಯ ಎರಡು ಗಾಜು ಜೋಡಿಸಿ ಲೆಕ್ಕ ಹಾಕುವ ಸಾಹಸ ಬೇಡ. ಸೂರ್ಯ ಹಸಿರಾಗಿ ಕಾಣುತ್ತಾನೆ, ಅದು ಇಷ್ಟವಾಗದಿದ್ದರೆ ಕನ್ನಡಕವೇ ಒಳ್ಳೆಯದು.

ಈಗ ಸೂಜಿತೂತು, ಅಂದರೆ ರಟ್ಟಿನ ಡಬ್ಬದ ಒಂದು ಬದಿಗೆ ಸಣ್ಣ ತೂತು ಮಾಡಿ, ಎದುರು ಬದಿಯ ಪರದೆಯ ಮೇಲೆ ಸೂರ್ಯನ ಬಿಂಬ ಬೀಳಿಸುವುದು. ಖರ್ಚಿಲ್ಲ, ಅಪಾಯ ಇಲ್ಲ ಅಂತ ಎಲ್ಲರೂ ಹೊಗಳುತ್ತಾರೆ. ನಾನು ಅಷ್ಟು ಹೊಗಳುವುದಿಲ್ಲ. ಕಾರಣ ಲೆಕ್ಕದಲ್ಲಿದೆ. ಬಿಂಬದ ಅಗಲ ಅಂದರೆ ತೂತಿನಿಂದ ಪರದೆಗಿರುವ ದೂರದ ಸುಮಾರು 109ರಲ್ಲಿ ಒಂದು ಪಾಲು. ಒಂದು ಮೀಟರ್ ಉದ್ದದ ಡಬ್ಬ ಮಾಡಿದರೂ ಸೂರ್ಯ ಸಿಗುವುದು 9 ಮಿಲಿಮೀಟರ್. ಚಪ್ಪಲಿ ಡಬ್ಬದಲ್ಲಿ 3 ಮಿಲಿಮೀಟರ್ ಕೂಡ ಇಲ್ಲ! ಮಕ್ಕಳು ಒಂದು ಸಲ ಇಣುಕಿ "ಇಷ್ಟೇನಾ?" ಅಂತ ಹೋಗುತ್ತಾರೆ. ಮಾಡುವುದಾದರೆ ಉದ್ದ ಡಬ್ಬವೇ ಬೇಕು, ತೂತು ಒಂದು ಮಿಲಿಮೀಟರ್ ಆಸುಪಾಸು. ರಟ್ಟಿಗೆ ನೇರ ಚುಚ್ಚುವ ಬದಲು ಕಿಂಡಿ ಕೊರೆದು ಅಲ್ಯುಮಿನಿಯಂ ಹಾಳೆ ಅಂಟಿಸಿ ಚುಚ್ಚಿದರೆ ಅಂಚು ನೀಟಾಗಿರುತ್ತದೆ. ತೂತು ದೊಡ್ಡದಾದಷ್ಟೂ ಬೆಳಕು ಹೆಚ್ಚು, ಬಿಂಬ ಮಸುಕು. ಒಂದು ಮಾತು: ಸೂರ್ಯನಿಗೆ ಬೆನ್ನು ಹಾಕಿ ಪರದೆ ನೋಡಬೇಕು. ತೂತಿನ ಮೂಲಕ ಸೂರ್ಯನನ್ನು ನೋಡುವುದಲ್ಲ. ಹಾಗೆ ಅರ್ಥ ಮಾಡಿಕೊಂಡವರನ್ನು ನೋಡಿದ್ದೇನೆ.

ಡಬ್ಬ ಕಟ್ಟುವ ಬದಲು ಜರಡಿಯನ್ನೋ ತೂತುತೂತಿನ ಸೌಟನ್ನೋ ಬಿಸಿಲಿಗೆ ಹಿಡಿದು ನೆಲ ನೋಡಿ. ಒಂದೊಂದು ತೂತಿಗೂ ಒಂದೊಂದು ಕಚ್ಚಿದ ಸೂರ್ಯ. ಮರ ಇದ್ದರೆ ಅದೂ ಬೇಡ, ಎಲೆಗಳ ಸಂದಿಯೇ ಆ ಕೆಲಸ ಮಾಡಿ ನೆಲದ ತುಂಬ ಕುಡುಗೋಲು ಚೆಲ್ಲಿರುತ್ತದೆ.

ನನ್ನ ಮೆಚ್ಚಿನದು ಕನ್ನಡಿ. ಇದನ್ನು ಮಾಡುವವರು ಯಾಕೋ ಕಡಿಮೆ. ಒಂದು ಸಣ್ಣ ಚಪ್ಪಟೆ ಕನ್ನಡಿ ತೆಗೆದುಕೊಳ್ಳಿ. ಒಂದು ಸೆಂಟಿಮೀಟರ್ ತೂತಿರುವ ಕಾಗದವನ್ನು ಅದರ ಮೇಲೆ ಅಂಟಿಸಿ. ತೂತು ಚೌಕವೋ ದುಂಡೋ, ಪರವಾಗಿಲ್ಲ. ಹೊರಗೆ ಬಿಸಿಲಿನಲ್ಲಿಟ್ಟು, ಬೆಳಕನ್ನು ಕಿಟಕಿಯೊಳಗಿಂದ ಕತ್ತಲೆ ಕೋಣೆಯ ಬಿಳಿ ಗೋಡೆಗೆ ಹಾಯಿಸಿ. ಲೆಕ್ಕ ಅದೇ 109. ಗೋಡೆ 10 ಮೀಟರ್ ದೂರ ಇದ್ದರೆ 9 ಸೆಂಟಿಮೀಟರ್ ಸೂರ್ಯ! ಡಬ್ಬದ್ದಕ್ಕಿಂತ ಹತ್ತು ಪಟ್ಟು ದೊಡ್ಡದು, ಮನೆಮಂದಿಯೆಲ್ಲ ಒಟ್ಟಿಗೆ ನೋಡಬಹುದು. ದೂರ 5 ಮೀಟರ್ ಆದರೆ ತೂತನ್ನೂ ಅರ್ಧ ಮಾಡಿ, ಇಲ್ಲದಿದ್ದರೆ ಬಿಂಬ ಮಸುಕಾಗುತ್ತದೆ. ಗೋಡೆಯಲ್ಲಿ ಸೂರ್ಯ ನಿಲ್ಲುವುದಿಲ್ಲ, ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿಯುತ್ತಾನೆ. ಕನ್ನಡಿಯನ್ನು ಮರಳಿನ ಪೊಟ್ಟಣದ ಮೇಲೋ ಜೇಡಿಮಣ್ಣಿನ ಉಂಡೆಯ ಮೇಲೋ ಕೂರಿಸಿದರೆ ಆಗಾಗ ತಿರುಗಿಸೋದು ಸುಲಭ. ಕನ್ನಡಿಯ ಕಡೆ ಮಾತ್ರ ಯಾರೂ ನೋಡಬಾರದು. ಅದರಿಂದ ಬರುವುದು ಸೂರ್ಯನೇ, ಕಣ್ಣಿಗೆ ಅಷ್ಟೇ ಅಪಾಯ. ಯಾರದ್ದೂ ಮುಖದ ಎತ್ತರದಲ್ಲಿ ಬೆಳಕು ಹಾಯದ ಹಾಗೆ ಇಡಿ. ಮಕ್ಕಳಿದ್ದರೆ ಅದರ ಪಕ್ಕ ಒಬ್ಬ ದೊಡ್ಡವರು ನಿಂತಿರಬೇಕು.

ಅಟ್ಟದ ಬೈನಾಕ್ಯುಲರಿಗೆ ಬರೋಣ. ಎರಡು ಕೆಲಸಕ್ಕೆ ಬರುತ್ತದೆ. ಒಂದು, ಬಿಂಬ ಬೀಳಿಸಲು: ಒಂದು ಕೊಳವೆ ಮುಚ್ಚಿ, ಇನ್ನೊಂದರಿಂದ ಬಿಳಿ ಹಾಳೆಯ ಮೇಲೆ ಸೂರ್ಯನನ್ನು ಬೀಳಿಸಬಹುದು. ಬಿಂಬ ಚೂಪಾಗಿರುತ್ತದೆ, ದೊಡ್ಡ ಸೌರಕಲೆಗಳೂ ಕಾಣುತ್ತವೆ. ಆದರೆ ಒಳಗೆ ಬಿಸಿ ಏರಿ ಉಪಕರಣ ಹಾಳಾಗಬಹುದು, ನಡುನಡುವೆ ಮುಚ್ಚಿ ತಣಿಸಬೇಕು. ಯಾರಾದರೂ ಇಣುಕಿದರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ನಾನಂತೂ ಇದನ್ನು ಬೇಡ ಅನ್ನುತ್ತೇನೆ. ಎರಡನೆಯದು, ಎರಡೂ ಮುಂಗಾಜುಗಳಿಗೆ ಸೌರ ಫಿಲ್ಟರ್ ಬಿಗಿದು ನೇರ ನೋಡುವುದು. ಇದು ತುಂಬ ಚೆನ್ನಾಗಿರುತ್ತದೆ, ಕನ್ನಡಕಕ್ಕಿಂತ ಎಷ್ಟೋ ಮೇಲು. ಫಿಲ್ಟರ್ ಮುಂದೆಯೇ ಇರಬೇಕು, ಸೂರ್ಯನ ಕಡೆಗೆ. ಗ್ರಹಣದ ಕನ್ನಡಕ ಹಾಕಿಕೊಂಡು ಬರಿಯ ಬೈನಾಕ್ಯುಲರಿನಲ್ಲಿ ನೋಡಿದರೆ, ಒಟ್ಟುಗೂಡಿದ ಬೆಳಕು ಕನ್ನಡಕದ ಹಾಳೆಯನ್ನೇ ಸುಟ್ಟು ಕಣ್ಣಿಗೆ ಇಳಿಯುತ್ತದೆ. ಟೆಲಿಸ್ಕೋಪಿಗೂ ಇದೇ ನಿಯಮ. ಹಳೆಯ ಟೆಲಿಸ್ಕೋಪುಗಳ ಜೊತೆ ಕಣ್ಣಿನ ಕಡೆ ತಿರುಗಿಸಿ ಹಾಕುವ ಪುಟ್ಟ ಸೌರ ಗಾಜು ಬರುತ್ತಿತ್ತು. ಅದು ಬಿಸಿಗೆ ಸೀಳುತ್ತದೆ, ಎಸೆದುಬಿಡಿ.

ನೇರ ಪ್ರಸಾರವನ್ನು ಆಯ್ಕೆ ಅಂತ ಕರೆಯಲು ಮನಸ್ಸಿಲ್ಲ, ಆದರೆ ಮೋಡ ಕವಿದರೆ ಅದೊಂದೇ ಗತಿ. 2017 ಮತ್ತು 2024ರ ಖಗ್ರಾಸಗಳನ್ನು ನಾಸಾ ನೇರ ಪ್ರಸಾರ ಮಾಡಿತ್ತು. ಕೊಂಡಿಯನ್ನು ಮೊದಲೇ ತೆರೆದಿಟ್ಟುಕೊಳ್ಳಿ.

ಫೋಟೊ ಬೇಕು ಅನ್ನುವವರಿಗೆ

ಗ್ರಹಣದ ಮೊದಲ ಒಳ್ಳೆಯ ಫೋಟೊ ತೆಗೆದದ್ದು 1851ರ ಜುಲೈ 28ರಂದು, ಕೋನಿಗ್ಸ್‌ಬರ್ಗಿನ ವೀಕ್ಷಣಾಲಯದಲ್ಲಿ. ಬರ್ಕೊವ್ಸ್ಕಿ ಅನ್ನುವವರು ಸಣ್ಣ ಟೆಲಿಸ್ಕೋಪಿಗೆ ಲೋಹದ ಫಲಕ ಹಚ್ಚಿ, 84 ಸೆಕೆಂಡು ಬೆಳಕು ಬಿಟ್ಟು ಕರೋನವನ್ನು, ಅಂದರೆ ಸೂರ್ಯನ ಸುತ್ತಲಿನ ಮಂದ ಹೊರಪದರವನ್ನು, ಹಿಡಿದರು. ನಮ್ಮ ಫೋನು ಅದಕ್ಕಿಂತ ಎಷ್ಟೋ ಮುಂದೆ ಇದೆ, ಆದರೆ ಒಂದು ವಿಷಯದಲ್ಲಿ ಹಿಂದೆ: ಅದರ ಲೆನ್ಸು ಅಗಲನೋಟದ್ದು.

ಲೆಕ್ಕ ಇಲ್ಲಿಯೂ 109. ಲೆನ್ಸಿನ ಫೋಕಲ್ ಲೆಂಗ್ತನ್ನು (ಲೆನ್ಸಿನ ಮೇಲೆ ಬರೆದಿರುವ ಮಿ.ಮೀ. ಸಂಖ್ಯೆಯನ್ನು) 109ರಿಂದ ಭಾಗಿಸಿದರೆ ಒಳಗೆ ಬೀಳುವ ಸೂರ್ಯನ ಅಗಲ ಸಿಗುತ್ತದೆ. ಫೋನಿನ ಮುಖ್ಯ ಕ್ಯಾಮೆರಾ ಸುಮಾರು 26 ಮಿ.ಮೀ. ಲೆನ್ಸಿಗೆ ಸಮ. ಅದರಲ್ಲಿ ಸೂರ್ಯ ಚಿತ್ರದ ಅಗಲದ 150ರಲ್ಲಿ ಒಂದು ಪಾಲು. ಚಿತ್ರ 4000 ಪಿಕ್ಸೆಲ್ ಅಗಲ ಇದ್ದರೆ ಸೂರ್ಯನ ಪಾಲಿಗೆ 27 ಪಿಕ್ಸೆಲ್. ಹಿಗ್ಗಿಸಿ ನೋಡಿದರೆ ಸಿಗುವುದು ಒಂದು ಚುಕ್ಕಿ. ಐದು ಪಟ್ಟಿನ ನಿಜವಾದ ಝೂಮ್ ಲೆನ್ಸ್ ಇರುವ ಫೋನಾದರೆ 130 ಪಿಕ್ಸೆಲ್ ಆಸುಪಾಸು ಬರುತ್ತದೆ, ಕಚ್ಚಿದ ಆಕಾರ ಗೊತ್ತಾಗುತ್ತದೆ. ಗ್ರಹಣದ ಕನ್ನಡಕದ ಹಾಳೆಯನ್ನೇ ಲೆನ್ಸಿನ ಮುಂದೆ ಹಿಡಿಯಿರಿ. ಪರದೆಯಲ್ಲಿ ಸೂರ್ಯನನ್ನು ಒತ್ತಿ ಹಿಡಿದು ಬೆಳಕನ್ನು ಇಳಿಸಿ, ಫ್ಲಾಶ್ ಆರಿಸಿ, ಟೈಮರ್ ಹಾಕಿ. ಫೋನ್ ಕೈಯಲ್ಲಿದ್ದರೆ ಅಲುಗುತ್ತದೆ, ಯಾವುದಕ್ಕಾದರೂ ಒರಗಿಸಿ.

ಆದರೆ ಫೋನಿನವರಿಗೆ ನನ್ನ ಸಲಹೆ ಬೇರೆ. ಸೂರ್ಯನನ್ನು ಬಿಟ್ಟು ನೆಲ ತೆಗೆಯಿರಿ. ಜರಡಿಯ ಕೆಳಗಿನ ನೂರು ಸೂರ್ಯರು, ಗೋಡೆಯ ಮೇಲಿನ ಕನ್ನಡಿಯ ಬಿಂಬ ಮತ್ತು ಅದನ್ನು ಮುಟ್ಟಲು ಹೋಗುವ ಮಗುವಿನ ಕೈ, ಕನ್ನಡಕ ಹಾಕಿ ಬಾಯಿ ಬಿಟ್ಟು ನಿಂತ ಮನೆಮಂದಿ. ಫಿಲ್ಟರ್ ಬೇಡ, ಟ್ರೈಪಾಡ್ ಬೇಡ, ಅಪಾಯ ಇಲ್ಲ. ವರ್ಷ ಕಳೆದ ಮೇಲೆ ತಿರುಗಿ ನೋಡುವುದೂ ಇವನ್ನೇ.

ಫೋನಿನಿಂದ ಆಗುವ ಇನ್ನೊಂದು ಒಳ್ಳೆಯ ಕೆಲಸ ಸರಣಿ ಚಿತ್ರ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಎರಡೂವರೆ ಗಂಟೆಗೆ 37 ಡಿಗ್ರಿ ಚಿಲ್ಲರೆ. ಝೂಮ್ ಲೆನ್ಸಿನಲ್ಲಿ ಅದು ಹಿಡಿಸುವುದಿಲ್ಲ, ಅಗಲನೋಟದ ಲೆನ್ಸಿನಲ್ಲಿ ಆರಾಮಾಗಿ ಹಿಡಿಸುತ್ತದೆ. ಫೋನನ್ನು ಅಲುಗದಂತೆ ಕಟ್ಟಿ, ಫಿಲ್ಟರ್ ಹಚ್ಚಿ, ಐದೈದು ನಿಮಿಷಕ್ಕೆ ಒಂದು ಚಿತ್ರ ತೆಗೆದು ಆಮೇಲೆ ಒಂದರ ಮೇಲೊಂದು ಸೇರಿಸಿದರೆ ಸಣ್ಣ ಸೂರ್ಯಗಳ ಸಾಲು ಸಿಗುತ್ತದೆ.

ಸೂರ್ಯನೇ ದೊಡ್ಡದಾಗಿ ಬೇಕು ಅನ್ನುವವರಿಗೆ ಕ್ಯಾಮೆರಾ ಮತ್ತು ಉದ್ದ ಲೆನ್ಸು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಸೆನ್ಸರ್ 36×24 ಮಿ.ಮೀ. ಇರುವಂಥದ್ದು) 200 ಮಿ.ಮೀ. ಲೆನ್ಸಿಗೆ ಸೂರ್ಯ ಸುಮಾರು 1.8 ಮಿ.ಮೀ., ಸಣ್ಣದು. 500 ಮಿ.ಮೀ. ಲೆನ್ಸಿಗೆ 4.6 ಮಿ.ಮೀ., ಅಂದರೆ ಚಿತ್ರದ ಎತ್ತರದ ಐದರಲ್ಲಿ ಒಂದು ಪಾಲು. ಸಣ್ಣ ಸೆನ್ಸರ್ ಇರುವ ಕ್ಯಾಮೆರಾಗೆ 300 ಮಿ.ಮೀ. ಇದ್ದರೂ ಹತ್ತಿರ ಹತ್ತಿರ ಅಷ್ಟೇ ದೊಡ್ಡದಾಗಿ ಬರುತ್ತದೆ. ಹಾಗಾಗಿ ಈಗಾಗಲೇ ಅಂಥ ಲೆನ್ಸ್ ಇದ್ದರೆ ನೀವು ಕೊಳ್ಳಬೇಕಾದ್ದು ಫಿಲ್ಟರ್ ಒಂದೇ. ಒಂದು ಗ್ರಹಣಕ್ಕೋಸ್ಕರ ಹೊಸ ಲೆನ್ಸ್ ಕೊಳ್ಳಬೇಡಿ, ಬೇಕೇ ಬೇಕು ಅಂದರೆ ಬಾಡಿಗೆಗೆ ತನ್ನಿ.

ಫಿಲ್ಟರಿನಲ್ಲಿ ಜಿಪುಣತನ ಬೇಡ. ಫೋಟೊಗ್ರಫಿಗೆ ಬಳಸುವ 10 ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಗಾಜು, ಒಂದೊಂದು ಸ್ಟಾಪಿಗೂ ಬೆಳಕು ಅರ್ಧ) ಸಾವಿರದಲ್ಲಿ ಒಂದು ಪಾಲು ಬೆಳಕು ಬಿಡುತ್ತದೆ. ಸೌರ ಫಿಲ್ಟರ್ ಬಿಡುವುದು ಲಕ್ಷದಲ್ಲಿ ಒಂದು ಪಾಲು. ನೂರು ಪಟ್ಟು ವ್ಯತ್ಯಾಸ! ಹಾಳೆಯ ರೂಪದ ಫಿಲ್ಟರ್ ತಂದು ರಟ್ಟಿನ ಬಳೆ ಮಾಡಿ ಹಚ್ಚಿಕೊಳ್ಳುವುದು ಅಗ್ಗದ ದಾರಿ. ಬಾಡರ್ ಕಂಪನಿಯ ಸೌರ ಹಾಳೆ ಎರಡು ಬಗೆಯಲ್ಲಿ ಸಿಗುತ್ತದೆ, 5.0 ಮತ್ತು 3.8; ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಎರಡನೆಯದು ಫೋಟೊಗೆ ಮಾತ್ರ, ಅದರಲ್ಲಿ ಕಣ್ಣಿಟ್ಟು ನೋಡುವಂತಿಲ್ಲ. ಕನ್ನಡಿ ಇರುವ ಹಳೇ ಬಗೆಯ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕಿಂಡಿಗೆ ಕಣ್ಣಿಡುವ ಅಭ್ಯಾಸ ಇದ್ದವರು 5.0 ತೆಗೆದುಕೊಳ್ಳಿ. ಫಿಲ್ಟರನ್ನು ಟೇಪಿನಿಂದ ಭದ್ರ ಮಾಡಿ, ತಾರಸಿಯಲ್ಲಿ ಗಾಳಿ ಕೇಳಿ ಬರುವುದಿಲ್ಲ.

ಎಕ್ಸ್‌ಪೋಷರ್, ಅಂದರೆ ಎಷ್ಟು ಬೆಳಕು ಬಿಡಬೇಕು ಅನ್ನುವ ಲೆಕ್ಕ, ಹೆದರಿಸುವಂಥದ್ದಲ್ಲ. 5.0 ಫಿಲ್ಟರ್, ಎಫ್ 8 (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಅಳತೆ), ಐಎಸ್‌ಒ 100 (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಇಟ್ಟರೆ ಸೆಕೆಂಡಿನ 1/400 ಆಸುಪಾಸು ಸರಿಹೋಗುತ್ತದೆ. (ಈ ಐಎಸ್‌ಒ ಬೇರೆ, ಕನ್ನಡಕದ ಐಎಸ್‌ಒ ಬೇರೆ. ಒಬ್ಬರು ಕ್ಯಾಮೆರಾದಲ್ಲಿ 12312 ಎಲ್ಲಿದೆ ಅಂತ ಹುಡುಕುತ್ತಿದ್ದರು.) ಗ್ರಹಣಕ್ಕೆ ಮೊದಲೇ, ಯಾವುದಾದರೂ ಬಿಸಿಲಿನ ದಿನ 1/200ರಿಂದ 1/1000ದವರೆಗೆ ತೆಗೆದು ನೋಡಿ. ಅಂದು ಚೆನ್ನಾಗಿ ಬಂದದ್ದೇ ಗ್ರಹಣದ ದಿನವೂ ನಡೆಯುತ್ತದೆ, ಯಾಕೆಂದರೆ ಚಂದ್ರ ಅಡ್ಡ ಬಂದರೂ ಉಳಿದ ಸೂರ್ಯನ ಮೇಲ್ಮೈ ಅಷ್ಟೇ ಪ್ರಖರ. ತೀರ ತೆಳು ಕುಡುಗೋಲಾದಾಗ ಮಾತ್ರ ಬೆಳಕನ್ನು ಒಂದೆರಡು ಸ್ಟಾಪ್ ಏರಿಸಿ, ಸೂರ್ಯನ ಅಂಚು ನಡುವಿಗಿಂತ ಮಂದ. ಫೋಕಸ್ ಕೈಯಿಂದಲೇ ಮಾಡಿ, ಸರಿಯಾದ ಮೇಲೆ ಉಂಗುರಕ್ಕೆ ಟೇಪ್ ಹಚ್ಚಿ. ಮುಚ್ಚಿದ ಕಿಟಕಿಯ ಗಾಜಿನ ಹಿಂದಿನಿಂದ ಉದ್ದ ಲೆನ್ಸಿನಲ್ಲಿ ತೆಗೆದರೆ ಅಂಚು ಕಲಸಿಹೋಗುತ್ತದೆ, ಕಿಟಕಿ ತೆರೆಯಿರಿ. ಕೆಲವು ನಿಮಿಷಕ್ಕೊಮ್ಮೆ ಸೂರ್ಯನನ್ನು ಮತ್ತೆ ನಡುವಿಗೆ ತರುತ್ತಲೇ ಇರಬೇಕು. ಈ ಚಾಕರಿ ಎರಡು ಮೂರು ಗಂಟೆ ನಡೆಯುತ್ತದೆ. ಒಬ್ಬರೇ ಇದ್ದರೆ ಖುಷಿಯ ಕೆಲಸ. ಮಕ್ಕಳನ್ನೂ ನೋಡಿಕೊಳ್ಳಬೇಕು ಅಂದರೆ ಹಿಂಸೆ.

ಖಗ್ರಾಸದ ಪಟ್ಟಿಯಲ್ಲೇ ಮನೆ ಇದ್ದರೆ

ಆಗ ಲೆಕ್ಕವೇ ಬೇರೆ. ಸೂರ್ಯ ಪೂರ್ತಿ ಮುಚ್ಚಿರುವಷ್ಟು ಹೊತ್ತು, ಅಷ್ಟು ಹೊತ್ತು ಮಾತ್ರ, ಫಿಲ್ಟರ್ ಇಲ್ಲದೆ ನೋಡಬಹುದು, ತೆಗೆಯಬಹುದು. ಫಿಲ್ಟರ್ ಇದ್ದರೆ ಕರೋನ ಕಾಣುವುದೇ ಇಲ್ಲ. ಈ ಹೊತ್ತು ಬಹಳ ಕಿರಿದು. 2027ರ ಆಗಸ್ಟ್ 2ರ ಗ್ರಹಣ ಈಜಿಪ್ಟಿನ ಲಕ್ಸರ್ ಹತ್ತಿರ 6 ನಿಮಿಷ 23 ಸೆಕೆಂಡು ಇರುತ್ತದೆ, ಅದೇ ದೊಡ್ಡದು ಅನಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಸಿಗುವುದು ಎರಡು ಮೂರು ನಿಮಿಷ. ಕರೋನದ ಒಳಭಾಗ ಪ್ರಖರ, ಹೊರಭಾಗ ಮಂದ, ಒಂದೇ ಎಕ್ಸ್‌ಪೋಷರಿನಲ್ಲಿ ಎರಡೂ ಸಿಗುವುದಿಲ್ಲ. ಎಫ್ 8, ಐಎಸ್‌ಒ 100ರಲ್ಲಿ 1/1000ರಿಂದ ಒಂದು ಸೆಕೆಂಡಿನವರೆಗೆ ಸಾಲಾಗಿ ತೆಗೆಯುವಂತೆ ಕ್ಯಾಮೆರಾಗೆ ಮೊದಲೇ ಹೇಳಿಟ್ಟು ನೀವು ಮೇಲೆ ನೋಡಿ. ವಜ್ರದುಂಗುರ, ಅಂದರೆ ಚಂದ್ರನ ಅಂಚಿನಿಂದ ಇಣುಕುವ ಸೂರ್ಯನ ಪ್ರಖರ ಚುಕ್ಕಿ, ಮತ್ತೆ ಮಿಂಚುತ್ತಿದ್ದಂತೆ ಕಣ್ಣಿಗೆ ಕನ್ನಡಕ, ಲೆನ್ಸಿಗೆ ಫಿಲ್ಟರ್. ನಿಮಗೆ ಇದು ಮೊದಲ ಖಗ್ರಾಸವಾದರೆ, ಕ್ಯಾಮೆರಾವನ್ನು ಒಳಗೇ ಇಡಿ ಅನ್ನುತ್ತೇನೆ ನಾನು.

ಹಾಗಾದರೆ ಏನು ಕೊಳ್ಳೋಣ?

ಖರ್ಚೇ ಬೇಡ ಅಂದರೆ ಕನ್ನಡಿ ಮತ್ತು ಜರಡಿ. ಸ್ವಲ್ಪ ಖರ್ಚು ಮಾಡಬಹುದು ಅಂದರೆ ಅದರ ಜೊತೆ ಇಬ್ಬರಿಗೆ ಒಂದರಂತೆ ಕನ್ನಡಕ. ತಲೆಗೊಂದು ಬೇಕಾಗಿಲ್ಲ, ಯಾರೂ ಮೂರು ಗಂಟೆ ಒಂದೇ ಸಮನೆ ಮೇಲೆ ನೋಡುವುದಿಲ್ಲ. ಬೈನಾಕ್ಯುಲರ್ ಆಗಲೇ ಇದ್ದವರು ಬೇರೆ ಎಲ್ಲ ಬಿಟ್ಟು ಅದಕ್ಕೊಂದು ಜೋಡಿ ಮುಂಫಿಲ್ಟರ್ ತರಿಸಲಿ, ಹಾಕಿದ ದುಡ್ಡಿಗೆ ಇಷ್ಟು ಚೆಂದದ ನೋಟ ಇನ್ನೊಂದರಲ್ಲಿಲ್ಲ. ಸಣ್ಣ ಮಕ್ಕಳೇ ಜಾಸ್ತಿ ಇದ್ದರೆ ಕೋಣೆಯ ಒಳಗಿನ ಕನ್ನಡಿ ಬಿಂಬವೇ ಸರಿ, ಅವರ ಬೆನ್ನು ತಾನಾಗಿಯೇ ಸೂರ್ಯನ ಕಡೆಗಿರುತ್ತದೆ. ವಯಸ್ಸಾದವರಿಗೂ ಕತ್ತೆತ್ತುವ ಕಷ್ಟ ಇಲ್ಲ. ಸೂರ್ಯ ದಿಗಂತದ ಹತ್ತಿರ ಇದ್ದಾಗ ಮಾತ್ರ ಕನ್ನಡಿಯ ಬೆಳಕು ಮುಖದ ಎತ್ತರದಲ್ಲೇ ಅಡ್ಡಡ್ಡ ಹಾಯುತ್ತದೆ, ಅಂಥ ಗ್ರಹಣಕ್ಕೆ ಕನ್ನಡಕವೇ ವಾಸಿ. ಉದ್ದ ಲೆನ್ಸಿನ ಕ್ಯಾಮೆರಾ ಇರುವವರು ಫಿಲ್ಟರ್ ಹಾಳೆ ತಂದು ಎರಡು ದಿನ ಅಭ್ಯಾಸ ಮಾಡಿ. ಅಭ್ಯಾಸಕ್ಕೆ ಬಿಡುವಿಲ್ಲ ಅಂದರೆ ಆ ಸಲ ಸುಮ್ನೆ ನೋಡಿ.

ಎಲ್ಲ ಮುಗಿದ ಮೇಲೆ ಕನ್ನಡಕವನ್ನು ಹಾಳೆ ಮಡಚದಂತೆ ಲಕೋಟೆಗೆ ಹಾಕಿ, ಒಣ ಜಾಗದಲ್ಲಿಡಿ. ಮುಂದಿನ ಗ್ರಹಣಕ್ಕೆ ತೆಗೆದಾಗ ಬಲ್ಬಿನ ಪರೀಕ್ಷೆ ಮತ್ತೆ ಮಾಡಿ. ಗೀಚೋ ಸಣ್ಣ ತೂತೋ ಕಂಡರೆ ಕತ್ತರಿಸಿ ಎಸೆಯಿರಿ. ಇಡಿಯಾಗಿ ಎಸೆದರೆ ಯಾವುದಾದರೂ ಮಗು ಎತ್ತಿಕೊಂಡು ಹಾಕಿಕೊಳ್ಳುತ್ತದೆ.